ಕುಂಬಳೆ ಕಡಲಿನ ನೀರು ಹಿಡಿದ ವರ್ಷ

ಈ ಸಲ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಂಗಳೂರಿನಿಂದ ಬಂದು ಕುಂಬಳೆ ಸ್ಟೇಶನ್ನಿನಲ್ಲಿ ಇಳಿದಾಗ ಹಳಿಯ ಆಚೆಯಿಂದ, ಕಡಲ ಕಡೆಯಿಂದ, ಒಂದು ವಾಸನೆ ಬಂತು. ಮೀನಿನ ವಾಸನೆಯಲ್ಲ. ಕೆಸರು, ಕೊಳೆತ ಪಾಚಿ, ಅದರ ಕೆಳಗೆ ತೀರ ತೆಳುವಾಗಿ ಹಾಳಾದ ಮೊಟ್ಟೆಯ ನಾತ. ಜೊತೆಗೆ ಇಳಿದವರು ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ, ಅಷ್ಟು ತೆಳುವಾಗಿತ್ತು ಅದು. ನಾನು ಮಾತ್ರ ಬೆಂಚಿನ ಮೇಲೆ ಕೂತುಬಿಟ್ಟೆ. ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರಿನಲ್ಲಿ ಇದೇ ವಾಸನೆ ವಾರಗಟ್ಟಲೆ ನನ್ನ ಬಟ್ಟೆಯಿಂದ ಹೋಗಿರಲಿಲ್ಲ.

ಅದರ ಹಿಂದಿನ ವರ್ಷ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮಂಗಳೂರಿನ ಒಬ್ಬ ಪ್ರೊಫೆಸರರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ನಾವೆಲ್ಲ ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಕಡಲಿಗೂ ಗಾಳಿಗೂ ನಡುವೆ ಇಂಗಾಲದ ಡೈಆಕ್ಸೈಡ್ ಯಾವ ತಿಂಗಳಲ್ಲಿ ಯಾವ ಕಡೆಗೆ ಹೋಗುತ್ತದೆ ಎಂಬುದು ಅವರ ವಿಷಯ. ಮನುಷ್ಯರು ಬಿಡುವ ಹೊಗೆಯ ಒಂದು ದೊಡ್ಡ ಪಾಲನ್ನು ಪ್ರಪಂಚದ ಕಡಲುಗಳು ನುಂಗುತ್ತವೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಆದರೆ ಎಲ್ಲ ಕಡಲೂ ಎಲ್ಲ ಕಾಲದಲ್ಲೂ ನುಂಗುವುದಿಲ್ಲ. ನಮ್ಮ ಪಡುವಣ ಕರಾವಳಿಯಲ್ಲಿ ಮಳೆಗಾಲದ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ಆಚೆ ತಳ್ಳುತ್ತದೆ. ಅದರ ಜಾಗಕ್ಕೆ ತಳದ ತಣ್ಣಗಿನ ನೀರು ಏರಿ ಬರುತ್ತದೆ. ಕತ್ತಲೆಯಲ್ಲಿ ಸತ್ತು ಬಿದ್ದದ್ದೆಲ್ಲ ಕೊಳೆತು, ಆಮ್ಲಜನಕ ಮುಗಿದು, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡ ನೀರು ಅದು. ಮೇಲೆ ಬಂದ ಕೂಡಲೇ ಅದನ್ನು ಗಾಳಿಗೆ ಬಿಡುತ್ತದೆ. ಎಷ್ಟು ಬಿಡುತ್ತದೆ, ಯಾವಾಗ ನಿಲ್ಲಿಸುತ್ತದೆ, ಬೇಸಿಗೆಯಲ್ಲಿ ಎಷ್ಟು ತಿರುಗಿ ತೆಗೆದುಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ತಿಂಗಳು ತಿಂಗಳೂ, ಮಳೆಗಾಲದಲ್ಲೂ, ಒಂದೇ ಜಾಗದ ನೀರು ಹಿಡಿಯಬೇಕು. ನನ್ನ ಮನೆ ಸೀತಾಂಗೋಳಿ. ಕುಂಬಳೆ ಕಡಲು ಅಲ್ಲಿಂದ ಹತ್ತಿರ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ದೋಣಿ ಹುಡುಕಿಕೊಟ್ಟದ್ದು ಪಪ್ಪ. ಸೀತಾಂಗೋಳಿಯಲ್ಲಿ ಅವರದೊಂದು ಬೇಕರಿ ಇತ್ತು. ಹಸನಾಕ ಎಂಬ ಬ್ಯಾರಿ ಮೀನುಗಾರರು ಹಿಂದೆ ಸೈಕಲ್ಲಿನಲ್ಲಿ ಮೀನು ಮಾರಿಕೊಂಡು ಬರುವಾಗ ಅಲ್ಲಿ ಚಹಾ ಕುಡಿಯುತ್ತಿದ್ದರಂತೆ. ಆ ಪರಿಚಯ. ಈಗ ಅವರಿಗೆ ಸ್ವಂತ ಫೈಬರ್ ದೋಣಿಯಿತ್ತು, ಹಿಂದೆ ಒಂದು ಎಂಜಿನ್ ಇತ್ತು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಪಪ್ಪ ನನ್ನನ್ನು ತೋರಿಸಿ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ.

"ಬಾಯಮ್ಮನಿಗೆ ಈಜ್ಲಿಕ್ಕೆ ಬರ್ತದಾ?"

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದು ಹಾಗೆಯೇ. ಬರುತ್ತದೆ ಎಂದೆ. "ಹಾಗಾದ್ರೆ ಹೋಗುವಾ," ಎಂದರು.

ಜನವರಿಯಿಂದ ಮೇವರೆಗಿನ ಸವಾರಿಗಳು ನನಗೆ ಒಂದೇ ದಿನದ ಹಾಗೆ ನೆನಪಿವೆ. ಬೆಳಗಾಗುವಾಗ ಅಳಿವೆ ದಾಟುವುದು. ದಡದಿಂದ ಆಚೆಗೆ ಮೂರು ಕಡೆ ಎಂಜಿನ್ ನಿಲ್ಲಿಸುವುದು. ಎರಡೂ ತುದಿ ತೆರೆದ ಕೊಳವೆಯನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ, ಹಗ್ಗದ ಮೇಲೆ ತೂಕದ ಗುಂಡೊಂದನ್ನು ಜಾರಿಸಿದರೆ ಅದು ಕೆಳಗೆ ಹೋಗಿ ಬಡಿದು ಕೊಳವೆ ಮುಚ್ಚಿಕೊಳ್ಳುತ್ತಿತ್ತು. ಮೇಲೆಳೆದು ನೀರನ್ನು ಗುಳ್ಳೆ ಬಾರದಂತೆ ಗಾಜಿನ ಬಾಟಲಿಗಳಿಗೆ ತುಂಬುತ್ತಿದ್ದೆ. ಕಡಲು ಸುಮ್ಮನೆ ಮಲಗಿರುತ್ತಿತ್ತು. ಪ್ರಯೋಗಾಲಯದಲ್ಲಿ ಲೆಕ್ಕ ಹಾಕಿದರೆ ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡಿನ ಒತ್ತಡವೂ ಗಾಳಿಯದೂ ಹೆಚ್ಚುಕಡಿಮೆ ಸಮ. ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಒಂದು ಬಾಟಲಿಗೆ ಮಾತ್ರ ಕೊನೆಯಲ್ಲಿ ಪಾದರಸದ ಲವಣದ ದ್ರಾವಣವನ್ನು ತೀರಾ ಸ್ವಲ್ಪ ಹಾಕಿ ಮುಚ್ಚಬೇಕಿತ್ತು. ಅದಕ್ಕೆ ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ, ಕೆಳಗೊಂದು ತಟ್ಟೆ ಇಟ್ಟುಕೊಳ್ಳುತ್ತಿದ್ದೆ. ಮೊದಲ ಸಲ ನೋಡಿದಾಗ ಹಸನಾಕ ಕೇಳಿದರು.

"ಅದು ಎಂತಕ್ಕೆ?"

"ನೀರಲ್ಲಿ ಕಣ್ಣಿಗೆ ಕಾಣದ ಜೀವಗಳು ಉಂಟು ಹಸನಾಕ. ಬಾಟ್ಲಿಯ ಒಳಗೆ ಅವು ಉಸಿರಾಡಿದ್ರೆ ಲೆಕ್ಕ ತಪ್ತದೆ. ಅದಕ್ಕೆ ಕೊಲ್ಲುದು."

ಅವರು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿದರು. ಆಮೇಲಿನ ಸವಾರಿಗಳಲ್ಲಿ ನಾನು ಆ ಪೆಟ್ಟಿಗೆ ತೆರೆದ ಕೂಡಲೇ ಅವರು ಎಂಜಿನ್ ಕಡೆ ತಿರುಗಿ ಕೂರುತ್ತಿದ್ದರು. ಅಸಹ್ಯವಿರಬೇಕು ಅಂದುಕೊಂಡು ಸುಮ್ಮನಾದೆ.

ಆ ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲೆಯ ತುಂಬ ಒಂದೇ ಮಾತು, ಎಂಡೋಸಲ್ಫಾನ್. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಆ ಮದ್ದನ್ನು ದೇಶದಲ್ಲೇ ನಿಲ್ಲಿಸಬೇಕೆಂದು ಉಪವಾಸ, ಮೆರವಣಿಗೆ ನಡೆದಿದ್ದವು. ಟಿವಿಯಲ್ಲಿ ದಿನಾ ಆ ಮದ್ದಿನಿಂದ ಅಂಗವಿಕಲರಾದ ಮಕ್ಕಳ ಮುಖ. ಮುಳ್ಳೇರಿಯದಿಂದ ಒಳಗೆ ನನ್ನ ಮಾಯ್‌ಯ, ಎಂದರೆ ಅಮ್ಮನ, ಅಕ್ಕನ ಮನೆಯಿತ್ತು. ನಾನು ಚಿಕ್ಕವಳಿದ್ದಾಗ ಅಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ನಾವು ಮಕ್ಕಳು ಕುಣಿಯುತ್ತಾ ಅಂಗಳಕ್ಕೆ ಓಡುತ್ತಿದ್ದೆವು. ದೊಡ್ಡವರು ಬಾವಿಗೆ ತೆಂಗಿನ ಮಡಲು ಮುಚ್ಚಲು ಓಡುತ್ತಿದ್ದರು. ಏನೂ ಆಗುವುದಿಲ್ಲ ಎಂದು ಕಲಿತವರು ಹೇಳಿದ್ದನ್ನು ಎಲ್ಲರೂ ಕೇಳಿದ್ದರು. ಆಮೇಲೆ ಆದದ್ದನ್ನೂ ಎಲ್ಲರೂ ನೋಡಿದ್ದರು.

ಹಸನಾಕನ ಪಕ್ಕದ ಮನೆಯ ಲತೀಫ್ ಒಂದು ದಿನ ದೋಣಿಯಿಂದ ಪೆಟ್ಟಿಗೆ ಇಳಿಸಲು ಕೈಜೋಡಿಸಿದ. ಅವನೂ ಮೀನುಗಾರ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಪೆಟ್ಟಿಗೆಯ ಮೇಲಿದ್ದ ತಲೆಬುರುಡೆಯ ಗುರುತು ನೋಡಿ ಕೇಳಿದ, "ಇದು ಎಂತದ್ದು ಮೇಡಂ?"

ಸುಳ್ಳು ಹೇಳಬೇಕೆಂದು ನನಗೆ ತೋಚಲಿಲ್ಲ. ಪಾದರಸದ ಮದ್ದು, ಬಾಟಲಿಗೆ ಮಾತ್ರ ಹಾಕುವುದು ಎಂದೆ. ಅವನು ಪೆಟ್ಟಿಗೆಯನ್ನು ಮೆಲ್ಲ ಮರಳ ಮೇಲಿಟ್ಟು ಕೈಯನ್ನು ಲುಂಗಿಗೆ ಒರೆಸಿಕೊಂಡು ಹೋದ.

ಜೂನಿನಲ್ಲಿ ಮಳೆ ಹಿಡಿಯಿತು. ಅಳಿವೆಯ ಬಾಯಲ್ಲಿ ತೆರೆ ಗೋಡೆಯ ಹಾಗೆ ಎದ್ದು ನಿಲ್ಲುತ್ತಿತ್ತು. ಗಾಳಿ ಇಳಿದ ದಿನ ಹಸನಾಕ ಫೋನ್ ಮಾಡುತ್ತಿದ್ದರು, "ಇವತ್ತು ಆಗ್ತದೆ, ಬೇಗ ಬನ್ನಿ." ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಎರಡು ಸಲ ಅಳಿವೆಯವರೆಗೆ ಹೋಗಿ ಹಿಂದೆ ಬಂದೆವು. ದಾಟಿದ ದಿನ ನಾನು ವಾಂತಿ ಮಾಡುತ್ತಲೇ ನೀರು ಹಿಡಿದೆ. ಜುಲೈ ಕೊನೆಯಲ್ಲಿ ತಳದಿಂದ ಬಂದ ಕೊಳವೆ ಮುಟ್ಟಿದಾಗ ತಣ್ಣಗೆ ಕೊರೆಯಿತು. ಹಸನಾಕ ತಮ್ಮ ಅಂಗೈಗೆ ಸ್ವಲ್ಪ ನೀರು ಸುರಿಸಿಕೊಂಡು, "ಐಸ್ ಹಾಗೆ ಉಂಟಲ್ಲ," ಎಂದರು. ಆಗಸ್ಟಿನಲ್ಲಿ ಮೇಲಿನ ನೀರೂ ತಣ್ಣಗಾಯಿತು. ಲೆಕ್ಕ ಹಾಕಿ ನೋಡಿದರೆ ನೀರಿನ ಒತ್ತಡ ಗಾಳಿಯದಕ್ಕಿಂತ ಎಷ್ಟೋ ಮೇಲೆ. ಕಡಲು ಬಿಡತೊಡಗಿತ್ತು. ನಾನು ಸರ್ ಎದುರು ಆ ಹಾಳೆ ಇಟ್ಟಾಗ ಅವರು ಕುರ್ಚಿಯಿಂದ ಎದ್ದು ನಿಂತದ್ದು, ಇಬ್ಬರೂ ಸುಮ್ಮಸುಮ್ಮನೆ ನಕ್ಕದ್ದು ನೆನಪಿದೆ. ಆ ವರ್ಷ ಅಷ್ಟು ಖುಷಿಯಾದದ್ದು ಅದೇ ಕೊನೆ.

ಸವಾರಿ ಮುಗಿಸಿ ಬಂದ ಮೇಲೆ ಹಸನಾಕನ ಹೆಂಡತಿ ಆಯಿಸಮ್ಮ ನನ್ನನ್ನು ಊಟ ಮಾಡಿಸದೆ ಬಿಡುತ್ತಿರಲಿಲ್ಲ. ಅಕ್ಕಿಯ ಪತ್ತಿರಿ, ಮೀನು ಸಾರು. ಜುಲೈಯಲ್ಲಿ ಅವರ ಮಗಳು ಸಫಿಯಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಂಡ ಶಾರ್ಜಾದಲ್ಲಿ. ಪ್ಲಸ್ ಟೂವಿನಲ್ಲಿ ವಿಜ್ಞಾನ ಓದಿ, ಮುಂದೆ ಓದಬೇಕೆಂದಿದ್ದವಳು ಮದುವೆಯಾಗಿ ಹೋಗಿದ್ದಳು. ಜಗಲಿಯಲ್ಲಿ ಕಾಲು ಚಾಚಿ ಕೂತು ನನ್ನ ಬಾಟಲಿಗಳಿಗೆ ಚೀಟಿ ಅಂಟಿಸಿಕೊಡುತ್ತಿದ್ದಳು. ಅವಳ ಅಕ್ಷರ ನನ್ನದಕ್ಕಿಂತ ಚಂದ.

"ಲವೀನಕ್ಕ, ಕಡಲು ಎಷ್ಟು ಬಿಡ್ತದೆ ಅಂತ ಗೊತ್ತಾದ ಮೇಲೆ ಎಂತ ಮಾಡ್ತೀರಿ? ನಿಲ್ಲಿಸ್ಲಿಕ್ಕೆ ಆಗ್ತದಾ?"

"ಇಲ್ಲ. ಲೆಕ್ಕಕ್ಕೆ ಸೇರಿಸ್ತೇವೆ."

"ಬರೀ ಲೆಕ್ಕಕ್ಕೆ ಉಪ್ಪನನ್ನು ಮಳೆಗೆ ಕರ್ಕೊಂಡು ಹೋಗುದಾ?" ಎಂದು ಅಪ್ಪನ ಕಡೆ ನೋಡಿ ನಗುತ್ತಿದ್ದಳು. ಅವಳ ಹೊಟ್ಟೆಯ ಮೇಲೆ ಬಾಟಲಿಯಿಟ್ಟರೆ ಒಳಗಿನ ಮಗು ಒದ್ದು ಅದು ಅಲುಗುತ್ತಿತ್ತು. ಅದನ್ನು ನನಗೆ ಎರಡು ಮೂರು ಸಲ ತೋರಿಸಿದ್ದಳು.

ಸೆಪ್ಟೆಂಬರಿನ ಸವಾರಿಯ ದಿನ ಕಡಲು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು, ಬಣ್ಣ ಹಸಿರು. ನೀರಿನ ಆಮ್ಲಜನಕ ತಿಳಿಯಲು ದೋಣಿಯಲ್ಲೇ ಬಾಟಲಿಗೆ ಎರಡು ದ್ರಾವಣ ಹಾಕಿ ಅಲುಗಿಸುತ್ತೇವೆ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ. ಆ ದಿನ ತಳದ ನೀರಿನ ಬಾಟಲಿ ಅಲುಗಿಸಿದೆ. ಹಾಲಿನ ಹಾಗೆ ಬಿಳಿ. ಮತ್ತೊಂದಕ್ಕೆ ಹಾಕಿದೆ. ಅದೂ ಬಿಳಿ. ಅಲ್ಲಿ ಕೆಳಗೆ ಉಸಿರಾಡುವ ಯಾವುದೂ ಬದುಕುವಂತಿರಲಿಲ್ಲ. ಹಸನಾಕನಿಗೆ ಬಾಟಲಿ ತೋರಿಸಿ ಹೇಳಿದೆ. ಅವರು ಬಗ್ಗಿ ನೀರು ನೋಡಿದರು.

"ಹಾಗಾದ್ರೆ ಅಲ್ಲಿದ್ದ ಮೀನು ಎಲ್ಲಿ ಹೋಯ್ತು?"

"ಗಾಳಿ ಇದ್ದಲ್ಲಿಗೆ."

ಎರಡು ದಿನ ಕಳೆದು ಬೆಳಿಗ್ಗೆ ಅವರ ಫೋನ್. "ಬಾಯಮ್ಮ, ಒಮ್ಮೆ ಬನ್ನಿ. ಮೀನು ತಾನೇ ಮೇಲೆ ಬರ್ತಾ ಉಂಟು."

ನಾನು ತಲುಪುವಾಗ ದಡದ ಉದ್ದಕ್ಕೂ ಜನ. ತೆರೆ ಹಿಂದೆ ಹೋದಲ್ಲೆಲ್ಲ ನಂಗು, ತೊರಕೆ, ಏಡಿ, ಸಿಗಡಿ, ತಳದಲ್ಲಿ ಬದುಕುವ ಮೀನುಗಳೆಲ್ಲ, ಮರಳ ಮೇಲೆ ಬಾಯಿ ತೆರೆದು ಮುಚ್ಚುತ್ತಿದ್ದವು. ಏಡಿಗಳು ಒಂದರ ಮೇಲೊಂದು ಹತ್ತಿ ನೀರಿನಿಂದ ಹೊರಗೆ ಬರುತ್ತಿದ್ದವು. ಹೆಂಗಸರು ಬಕೆಟ್, ಕೊಡಪಾನ, ಸೆರಗು, ಸಿಕ್ಕಿದ್ದರಲ್ಲಿ ತುಂಬಿಕೊಳ್ಳುತ್ತಿದ್ದರು. ನಗು, ಕೂಗು. ಹಬ್ಬದ ಹಾಗಿತ್ತು. ಹಸನಾಕ ಬುಟ್ಟಿ ತುಂಬಿಸಿ ನನ್ನ ಮುಖ ನೋಡಿದರು.

"ತಿನ್ಬಹುದಾ?"

ಜೀವ ಇರುವುದನ್ನು ತಿನ್ನಬಹುದು, ಇವು ಉಸಿರು ಕಟ್ಟಿ ಬಂದವು ಅಷ್ಟೇ, ಸತ್ತದ್ದು ಬೇಡ ಎಂದೆ. ಇವತ್ತಿಗೂ ಆ ಮಾತು ಸರಿಯೇ. ಆ ಮಧ್ಯಾಹ್ನ ಆಯಿಸಮ್ಮ ಏಡಿ ಸಾರು ಮಾಡಿದರು. ಸಫಿಯಾ ಎರಡು ಸಲ ಬಡಿಸಿಕೊಂಡಳು. ನಾನೂ ಅದೇ ಪಾತ್ರೆಯಿಂದ ಉಂಡೆ.

ಮರುದಿನದಿಂದ ಬಂದದ್ದು ಸತ್ತ ಮೀನು. ಮೂರನೆಯ ದಿನಕ್ಕೆ ದಡದಲ್ಲಿ ಕಾಲಿಡಲು ಜಾಗವಿಲ್ಲ. ಬಿಸಿಲಿಗೆ ಅವು ಉಬ್ಬಿ ಒಡೆಯುತ್ತಿದ್ದವು. ಕಾಗೆ, ನಾಯಿ ಕೂಡ ಬೇಸತ್ತು ಬಿಟ್ಟವು. ಸತ್ತದ್ದನ್ನೂ ಹೆಕ್ಕಿಕೊಂಡು ಹೋಗಿ ತಿಂದ ಕೆಲವರಿಗೆ ವಾಂತಿ ಭೇದಿ ಹಿಡಿಯಿತು. ಬಲೆ ಹಾಕಿದರೆ ಒಂದು ಬೂತಾಯಿಯೂ ಇಲ್ಲ. ದೋಣಿಗಳು ಖಾಲಿ ಹೋಗಿ ಖಾಲಿ ಬಂದವು, ಆಮೇಲೆ ಹೋಗುವುದನ್ನೇ ಬಿಟ್ಟವು. ಆ ನಾತದಲ್ಲಿ ಕೆಲಸವಿಲ್ಲದೆ ಕೂತ ಜನ ಮಾತಾಡತೊಡಗಿದರು. ಮಂಗಳೂರಿನಿಂದ ಬರುವ ಹುಡುಗಿ. ತಲೆಬುರುಡೆಯ ಗುರುತಿನ ಪೆಟ್ಟಿಗೆ. ಕೈಗವಸು. ಹಸನ್ ದೋಣಿಯಲ್ಲಿ ತಿಂಗಳು ತಿಂಗಳು ಕಡಲಿಗೆ ಏನೋ ಹಾಕುತ್ತಾರೆ.

ಸರ್‌ಗೆ ಫೋನ್ ಮಾಡಿದೆ. ಗಲಾಟೆ ತಣ್ಣಗಾಗುವವರೆಗೆ ಆ ಕಡೆ ಕಾಲಿಡಬೇಡ ಎಂದರು. ಆದರೆ ದೋಣಿಗಳನ್ನು ಎಳೆದಿಡುವ ಚಪ್ಪರದ ಕೆಳಗೆ ಎಲ್ಲರೂ ಸೇರುತ್ತಾರೆ, ಹಸನಾಕನನ್ನು ಕರೆಸಿದ್ದಾರೆ ಎಂದು ಪಪ್ಪನಿಗೆ ಸುದ್ದಿ ಬಂದಾಗ ಮನೆಯಲ್ಲಿ ಕೂರಲು ಆಗಲಿಲ್ಲ. ಪಪ್ಪ ಬೇಕರಿ ಮುಚ್ಚಿ ಜೊತೆಗೆ ಬಂದರು.

ಯಾರೂ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ನನಗೆ ಒಂದು ಕುರ್ಚಿ ಕೊಟ್ಟರು. ನಾನು ನಿಂತೇ ಹೇಳಿದೆ. ಗಾಳಿ ಮೇಲಿನ ನೀರನ್ನು ತಳ್ಳುವುದು, ತಳದ ನೀರು ಏರುವುದು, ಅದರಲ್ಲಿ ಉಸಿರಿಗೆ ಬೇಕಾದದ್ದು ಇಲ್ಲದಿರುವುದು, ಅದು ಗಾಳಿಗೆ ಬಿಡುವ ಅನಿಲ. ಕಷ್ಟದ ಶಬ್ದ ಬಾರದ ಹಾಗೆ ಹೇಳಿದೆ ಅಂದುಕೊಂಡೆ. ಒಬ್ಬ ಹಿರಿಯರು ಕೇಳಿದರು.

"ಈ ತಳದ ನೀರು ವರ್ಷ ವರ್ಷ ಏರ್ತದಾ?"

"ಏರ್ತದೆ. ಕೆಲವು ವರ್ಷ ಹೆಚ್ಚು."

"ನನಗೆ ಎಪ್ಪತ್ತಾಯ್ತು. ಮಳೆಗಾಲ ಕಳೆಯುವಾಗ ಸ್ವಲ್ಪ ಮೀನು ಸತ್ತು ಬರುದು ನೋಡಿದ್ದೇನೆ. ಹೀಗೆ ನೋಡಿದ್ದಿಲ್ಲ."

ಆ ವರ್ಷ ಮಾತ್ರ ಯಾಕೆ ಅಷ್ಟು ಎಂಬುದು ನನಗೂ ಗೊತ್ತಿಲ್ಲ ಎಂದೆ.

ಆಗ ಲತೀಫ್ ಎದ್ದ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. "ನನ್ನ ಅಕ್ಕನನ್ನು ಕೊಟ್ಟದ್ದು ಮುಳ್ಳೇರಿಯ ಕಡೆಗೆ. ಅವಳ ಮಗನಿಗೆ ಮೀಸೆ ಬರ್ತಾ ಉಂಟು, ಇನ್ನೂ ಕತ್ತು ನಿಲ್ಲುದಿಲ್ಲ. ಮದ್ದು ಬಿಡುವಾಗ ಅವಳ ಮನೆಗೂ ಬಂದಿದ್ರು ಮೇಡಂ, ನಿಮ್ಮ ಹಾಗೆ ಕಲಿತವರು. ಹೀಗೇ ಸಮಾಧಾನದಲ್ಲಿ ಹೇಳಿದ್ರು, ಎಂತದೂ ಆಗುದಿಲ್ಲ ಅಂತ. ನಿಮ್ಮದು ಸುಳ್ಳು ಅಂತ ನಾನು ಹೇಳುದಿಲ್ಲ. ನಂಬುದು ಹೇಗೆ, ಅದು ಹೇಳಿ."

ಅವನ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಹಸನಾಕ ಅಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತಿದ್ದರು. ಈಗ ಮುಂದೆ ಬಂದರು. "ದೋಣಿ ನನ್ನದು. ನಾನು ಎಲ್ಲ ಸಲವೂ ಇದ್ದೆ. ಒಂದು ಹನಿ ಕಡಲಿಗೆ ಬಿದ್ದಿಲ್ಲ. ಅಲ್ಲಾಹನ ಆಣೆಗೂ ಬಿದ್ದಿಲ್ಲ."

ಸಭೆ ಅಲ್ಲಿಗೆ ಮುಗಿಯಿತು. ಆಣೆಯ ಮೇಲೆ ಮಾತಾಡಲು ಯಾರೂ ತಯಾರಿರಲಿಲ್ಲ. ಆದರೆ ಚಪ್ಪರದಿಂದ ಹೊರಡುವಾಗ ಒಬ್ಬರೂ ಹಸನಾಕನ ಕಡೆ ನೋಡಲಿಲ್ಲ.

ಮೀನುಗಾರಿಕೆ ಇಲಾಖೆಯವರು ಬಂದು ಸತ್ತ ಮೀನನ್ನು ಪರೀಕ್ಷೆಗೆ ಒಯ್ದರು. ವಿಷವೇನೂ ಸಿಕ್ಕಲಿಲ್ಲ ಎಂಬ ವರದಿ ಬಂದದ್ದು ತಿಂಗಳುಗಳ ಮೇಲೆ. ಆಗ ಅದಕ್ಕಾಗಿ ಕಾಯುವವರು ಯಾರೂ ಉಳಿದಿರಲಿಲ್ಲ. ಅದಕ್ಕೂ ಮೊದಲೇ, ಸಭೆಯಾದ ಅದೇ ವಾರ, ಒಂದು ಬೆಳಿಗ್ಗೆ ಹಸನಾಕ ದಡಕ್ಕೆ ಹೋದಾಗ ಅವರ ದೋಣಿಯ ತಳವನ್ನು ಕೊಡಲಿಯಿಂದ ಒಡೆದಿದ್ದರು. ಎಂಜಿನ್ ಇರಲಿಲ್ಲ. ಅದು ಇಳಿತದ ಹೊತ್ತಿಗೆ ಕೆಸರಿನಲ್ಲಿ ಹೂತು ಸಿಕ್ಕಿತು. ನಾನು ಹೋದಾಗ ಅವರು ಒಡೆದ ದೋಣಿಯ ಅಂಚಿನಲ್ಲಿ ಕೂತು ಎಂಜಿನ್ನಿನೊಳಗಿನ ಮರಳನ್ನು ಬೆರಳಿನಿಂದ ತೆಗೆಯುತ್ತಿದ್ದರು. ಪೊಲೀಸಿಗೆ ಹೇಳುವಾ ಎಂದೆ.

"ಯಾರು ಅಂತ ಗೊತ್ತಾಗಿ ಎಂತ ಮಾಡುದು ಬಾಯಮ್ಮ? ಐದು ಹೊತ್ತು ನಮಾಜಿಗೆ ಒಂದೇ ಸಾಲಿನಲ್ಲಿ ನಿಲ್ಲುವವರು. ಗೊತ್ತಾಗದಿದ್ರೆ ಪಕ್ಕದಲ್ಲಿ ನಿಲ್ಬಹುದು."

ಅಕ್ಟೋಬರಿನಲ್ಲಿ ಸಫಿಯಾಳ ಹೆರಿಗೆಯಾಯಿತು. ಗಂಡು ಮಗು, ತುಂಬಿದ ತಿಂಗಳು, ಉಸಿರಿರಲಿಲ್ಲ. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಹಾಗೆ ಆಗುವುದುಂಟು. ಆದರೆ ಆ ಊರಿನಲ್ಲಿ, ಆ ವರ್ಷ, ಆ ಏಡಿ ಸಾರು ಉಂಡ ಮೇಲೆ, ಯಾರು ಬಳ್ಳಿಯ ಮಾತು ಕೇಳುತ್ತಾರೆ.

ನಾನು ನೋಡಲು ಹೋದೆ. ಆಯಿಸಮ್ಮ ಬಾಗಿಲಲ್ಲಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಸಫಿಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎದೆಹಾಲು ಇಳಿದು ಕುಪ್ಪಸ ಒದ್ದೆಯಾಗಿ ಬೆನ್ನಿನವರೆಗೆ ಹರಡಿತ್ತು. ನಾನು ಅವಳ ಹೆಸರು ಹೇಳಿದೆ. ತಿರುಗಲಿಲ್ಲ. ನಿದ್ದೆ ಬಂದಿರಬೇಕು ಎಂದರು ಆಯಿಸಮ್ಮ. ಅವಳ ಕಾಲ ಬೆರಳುಗಳು ಮಡಿಚಿ ಬಿಗಿದುಕೊಂಡಿದ್ದವು. ನಿದ್ದೆ ಬಂದವರ ಕಾಲು ಹಾಗಿರುವುದಿಲ್ಲ.

ಹಸನಾಕ ಬಸ್ಸಿನವರೆಗೆ ಬಂದರು. ಬಸ್ಸು ದೂರದಲ್ಲಿ ಕಂಡಾಗ ಹೇಳಿದರು, "ಇನ್ನು ಬರುದು ಬೇಡ ಬಾಯಮ್ಮ. ನಿಮ್ಮ ಮೇಲೆ ಬೇಜಾರ ಇಲ್ಲ. ಆದ್ರೆ ಬರುದು ಬೇಡ."

ಸೆಪ್ಟೆಂಬರಿನಿಂದಾಚೆಯ ನೀರು ನಮಗೆ ಸಿಗಲಿಲ್ಲ. ಆ ದಡದಲ್ಲಿ ಯಾವ ದೋಣಿಯೂ ನಮ್ಮನ್ನು ಹತ್ತಿಸುತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಇದ್ದ ತಿಂಗಳುಗಳ ಲೆಕ್ಕದಿಂದಲೇ ಸರ್ ಪ್ರಬಂಧ ಬರೆದರು. ಬೇಸಿಗೆಯಲ್ಲಿ ಸಮವಾಗಿದ್ದ ಕಡಲು ಮಳೆಗಾಲದಲ್ಲಿ ಗಾಳಿಗೆ ಬಿಡುತ್ತದೆ, ಮಳೆಗಾಲ ಬಿಟ್ಟು ಲೆಕ್ಕ ಹಾಕಿದರೆ ಇಡೀ ವರ್ಷದ ಚಿತ್ರ ತಪ್ಪುತ್ತದೆ ಎಂಬುದು ಅದರ ಸಾರ. ಎರಡನೆಯ ಹೆಸರು ನನ್ನದು. ಅಚ್ಚಾಗಿ ಬಂದ ದಿನ ಅದನ್ನು ಒಂದು ಸಲ ಓದಿ ಮಡಿಚಿಟ್ಟೆ. ಪಿಎಚ್.ಡಿ. ಮುಗಿಸಲಿಲ್ಲ. ಮಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಸಫಿಯಾ ಶಾರ್ಜಾಕ್ಕೆ ಹೋದಳು, ಆಮೇಲೆ ಅವಳಿಗೆ ಇಬ್ಬರು ಮಕ್ಕಳಾದರು ಎಂದು ಪಪ್ಪ ಹೇಳಿ ಗೊತ್ತು. ಹಸನಾಕ ದೋಣಿಯನ್ನು ತೇಪೆ ಹಾಕಿ ಎರಡು ವರ್ಷ ನೋಡಿದರಂತೆ. ಅವರ ಮೀನನ್ನು ಕೊಳ್ಳಲು ಜನ ಹಿಂದೆಮುಂದೆ ನೋಡುತ್ತಿದ್ದರು. ಕೊನೆಗೆ ಕಡಲು ಬಿಟ್ಟು ಸೀತಾಂಗೋಳಿಯ ಒಂದು ಪ್ಲೈವುಡ್ ಫ್ಯಾಕ್ಟರಿಯಲ್ಲಿ ಗೇಟು ಕಾಯಲು ಸೇರಿದರು. ಊರಿಗೆ ಬಂದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಆ ಗೇಟು ಕಾಣುತ್ತಿತ್ತು. ಖಾಕಿ ಅಂಗಿಯ ತೆಳ್ಳಗಿನ ಆಕೃತಿಯೊಂದು ಕುರ್ಚಿಯಲ್ಲಿ. ಬರುವುದು ಬೇಡ ಎಂದಿದ್ದರಲ್ಲ, ನಾನು ಇಳಿಯುತ್ತಿರಲಿಲ್ಲ.

ಈ ಸಲ, ಸ್ಟೇಶನ್ನಿನಲ್ಲಿ ಆ ವಾಸನೆ ಮೂಗಿಗೆ ಬಡಿದ ಮೇಲೆ, ಫ್ಯಾಕ್ಟರಿಯ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ಅವರು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎದ್ದು ತಮ್ಮ ಕುರ್ಚಿಯನ್ನು ನನಗೆ ಕೊಟ್ಟು ತಾವು ಗೇಟಿಗೆ ಒರಗಿ ನಿಂತರು. ಪಪ್ಪನ ಆರೋಗ್ಯ, ನನ್ನ ಮಕ್ಕಳು, ಆಯಿಸಮ್ಮನ ಮಂಡಿನೋವು. ಅಷ್ಟು ಮಾತಾಡಿ ಹೊರಡಲು ಎದ್ದೆ.

"ಒಂದು ಕೇಳ್ಬೇಕಿತ್ತು ಬಾಯಮ್ಮ. ಬೇಜಾರ ಮಾಡ್ಬಾರ್ದು."

"ಕೇಳಿ ಹಸನಾಕ."

"ಆ ಮದ್ದು ಕಡಲಿಗೆ ಬಿದ್ದಿರ್ಲಿಲ್ಲ ಅಲ್ವಾ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. "ನೀವೇ ಅಲ್ವಾ ಆವತ್ತು ಎಲ್ಲರ ಎದುರು ಆಣೆ ಹಾಕಿದ್ದು?"

"ಹಾಕಿದೆ. ನಿಮ್ಮನ್ನು ನೋಡಿ ಹಾಕಿದ್ದು. ಪಾಪ, ಒಬ್ರೇ ನಿಂತಿದ್ರಿ." ಅವರು ಗೇಟಿನ ಸರಳನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. "ಆದ್ರೆ ನಾನು ನೋಡಿದ್ದಿಲ್ಲ ಬಾಯಮ್ಮ. ನೀವು ಪೆಟ್ಟಿಗೆ ತೆರೆಯುವಾಗ ನಾನು ತಿರುಗಿ ಕೂರ್ತಿದ್ದೆ. ಕೊಲ್ಲುದು ಅಂತ ಹೇಳಿದ್ರಲ್ಲ, ನನಗೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ನೋಡದ್ದಕ್ಕೆ ಆಣೆ ಹಾಕಿದೆ. ಮತ್ತೆ ಸಫಿಯಾನದ್ದು ಹಾಗಾಯ್ತು."

"ನಾನೂ ಅದೇ ಸಾರು ಉಂಡಿದ್ದೆ ಹಸನಾಕ."

"ನಿಮ್ಮ ಹೊಟ್ಟೆಯಲ್ಲಿ ಮಗು ಇರ್ಲಿಲ್ಲ."

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಎಂಟು ವರ್ಷ. ನನ್ನನ್ನು ಪೂರ್ತಿ ನಂಬಿದ ಒಬ್ಬರಾದರೂ ಆ ದಡದಲ್ಲಿದ್ದರು ಎಂಬುದನ್ನು ಹಿಡಿದುಕೊಂಡು ನಾನು ಎಂಟು ವರ್ಷ ಕಳೆದಿದ್ದೆ. ಅವರು ಆ ಎಂಟು ವರ್ಷವನ್ನು ಹೀಗೆ ಕಳೆದಿದ್ದರು.

ನಿಧಾನವಾಗಿ ಹೇಳಿದೆ. ಮದ್ದು ಎಷ್ಟು ಕಡಿಮೆ ಎಂದು ನನ್ನ ಕಿರುಬೆರಳಿನ ಉಗುರು ತೋರಿಸಿದೆ. ಕೆಳಗೆ ಇಟ್ಟ ತಟ್ಟೆ, ಮುಚ್ಚಿದ ಬಾಟಲಿ, ಖಾಲಿಯಾದ ಸೀಸೆ ಕೂಡ ಎಣಿಸಿ ಪ್ರಯೋಗಾಲಯಕ್ಕೆ ತಿರುಗಿ ಕೊಡಬೇಕಾಗಿದ್ದದ್ದು. ಬಿದ್ದಿರಲಿಲ್ಲ. ಬಿದ್ದಿದ್ದರೂ ಅಷ್ಟರಿಂದ ಅಷ್ಟು ಉದ್ದದ ದಡದ ಮೀನು ಸಾಯುವುದಿಲ್ಲ. ಮದ್ದೇ ತಾಗದ ತಳದ ನೀರಿನಲ್ಲಿ ಎರಡು ದಿನ ಮೊದಲೇ ಉಸಿರಿರಲಿಲ್ಲ, ಬಾಟಲಿ ಬಿಳಿಯಾದದ್ದನ್ನು ಅವರೇ ನೋಡಿದ್ದರು. ಮಗುವಿನ ಕತ್ತಿಗೆ ಬಳ್ಳಿ ಸುತ್ತುವುದು ಏಡಿ ತಿಂದದ್ದರಿಂದ ಅಲ್ಲ.

ಅವರು ತಲೆ ಅಲ್ಲಾಡಿಸುತ್ತಾ ಕೇಳಿದರು. ಮುಗಿದ ಮೇಲೆ ಜೇಬಿನಿಂದ ಫೋನ್ ತೆಗೆದು ಒತ್ತಿ ನನ್ನ ಕೈಗೆ ಕೊಟ್ಟರು. "ಆಯಿಸಾಗೆ ಒಮ್ಮೆ ಹೇಳಿ. ಈಗ ನನಗೆ ಹೇಳಿದ ಹಾಗೆಯೇ."

ಆಯಿಸಮ್ಮನ ಸ್ವರ ಕೇಳಿಸಿತು. ನಾನು ಯಾರೆಂದು ಹೇಳಿ, ಮಳೆಗಾಲದ ಗಾಳಿಯಿಂದ ಶುರುಮಾಡಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ.

"ಇವರು ಪ್ರತಿ ನಮಾಜು ಆದ ಮೇಲೆ ಕೂತು ಅಳ್ತಾರೆ ಮೋಳೇ," ಎಂದರು ಆಯಿಸಮ್ಮ. "ಮಾಫು ಮಾಡು, ಮಾಫು ಮಾಡು ಅಂತ. ಎಂತಕ್ಕೆ ಅಂತ ಎಷ್ಟು ಕೇಳಿದ್ರೂ ಹೇಳಿದವರಲ್ಲ. ಇದಕ್ಕಾ?"

ಹೌದು ಎಂದೆ. ಫೋನ್ ಹಿಂದೆ ಕೊಡಲು ತಿರುಗಿದರೆ ಹಸನಾಕ ಗೇಟಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಒಳಗಿನಿಂದ ಹಲಗೆ ತುಂಬಿದ ಲಾರಿಯೊಂದು ಬಂದು ಹಾರ್ನ್ ಹಾಕುತ್ತಿತ್ತು. ಅವರು ಏಳಲಿಲ್ಲ. ಗೇಟನ್ನು ನಾನೇ ತೆರೆದೆ.